ಸಾಕುಪ್ರಾಣಿಗಳ ವಿದೇಶ ಸಾಗಣೆ: ಆಮದು ನಿಯಮಗಳು ಮತ್ತು ದಿನಾಂಕಗಳ ಲೆಕ್ಕಾಚಾರ

ಉದ್ಯೋಗನಿಮಿತ್ತ ವಿದೇಶಕ್ಕೆ ತೆರಳುವ ಕುಟುಂಬಗಳು ಮನೆಯ ಸಾಮಾನು ಸರಂಜಾಮಿನ ಜೊತೆಗೆ ಮನೆಯ ನಾಯಿ ಬೆಕ್ಕುಗಳನ್ನೂ ಕೊಂಡೊಯ್ಯಲು ಬಯಸುವುದು ಈಗ ಅಪರೂಪವೇನಲ್ಲ. ಈ ಅಗತ್ಯವನ್ನು ಪೂರೈಸುವ ಸೇವೆಯು ಒಂದು ಪ್ರತ್ಯೇಕ ವ್ಯವಹಾರವಾಗಿ ಬೆಳೆದಿದೆ. ಸರಕು ಸಾಗಣೆ ಏಜೆಂಟರು, ಕಸ್ಟಮ್ಸ್ ಬ್ರೋಕರ್‌ಗಳು, ಪ್ಯಾಕಿಂಗ್ ಪೆಟ್ಟಿಗೆ ತಯಾರಿಸುವ ಸಣ್ಣ ಕೈಗಾರಿಕೆಗಳು, ಪ್ರಾಣಿಗಳಿಗೆ ತಾತ್ಕಾಲಿಕ ವಸತಿ ಒದಗಿಸುವವರು ಹೀಗೆ ಹಲವು ವರ್ಗದ ಉದ್ಯಮಿಗಳಿಗೆ ಇದರಲ್ಲಿ ಅವಕಾಶವಿದೆ.

ಆದರೆ ಈ ವ್ಯವಹಾರವನ್ನು ಸಾಮಾನ್ಯ ಸರಕು ಸಾಗಣೆಯ ಒಂದು ಚಿಕ್ಕ ಶಾಖೆ ಎಂದು ಭಾವಿಸಿ ಕೈಹಾಕುವವರು ನಷ್ಟಕ್ಕೆ ಒಳಗಾಗುವ ಸಂಭವವೇ ಹೆಚ್ಚು. ಜವಳಿ ಅಥವಾ ಯಂತ್ರದ ಬಿಡಿಭಾಗಗಳ ರಫ್ತಿನಲ್ಲಿ ದಾಖಲೆಯ ದೋಷವನ್ನು ಸಾಮಾನ್ಯವಾಗಿ ತಿದ್ದುಪಡಿ, ದಂಡ, ಗೋದಾಮು ಬಾಡಿಗೆ ಇವುಗಳಿಂದ ಸರಿಪಡಿಸಿಕೊಳ್ಳಬಹುದು. ಜೀವಂತ ಪ್ರಾಣಿಯ ವಿಷಯದಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಮುಖ್ಯವಾದ ದಾಖಲೆಗಳೆಲ್ಲವೂ ನಿರ್ದಿಷ್ಟ ದಿನಗಳ ಅಂತರದಲ್ಲಿ, ನಿರ್ದಿಷ್ಟ ಕ್ರಮದಲ್ಲಿ ಹುಟ್ಟಬೇಕು. ಕ್ರಮ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕು. ಕಳೆದ ದಿನಗಳನ್ನು ಹಣ ಕೊಟ್ಟು ಕೊಳ್ಳಲಾಗದು. ಆದ್ದರಿಂದ ದಿನಾಂಕಗಳ ಲೆಕ್ಕವೇ ಈ ವ್ಯವಹಾರದ ನಿಜವಾದ ಬಂಡವಾಳವೆಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಸಾಗಣೆಯ ಮೂರು ವಿಧಗಳು

ವಿಮಾನದಲ್ಲಿ ಸಾಕುಪ್ರಾಣಿಯು ಮೂರು ರೀತಿಯಲ್ಲಿ ಪ್ರಯಾಣ ಮಾಡಬಹುದು: ಪ್ರಯಾಣಿಕರ ಜೊತೆಗೆ ಕ್ಯಾಬಿನ್‌ನಲ್ಲಿ, ಪ್ರಯಾಣಿಕರ ಲಗೇಜಿನ ರೂಪದಲ್ಲಿ ಹಾಗೂ ಏರ್‌ವೇ ಬಿಲ್ ಮೇಲೆ ಸರಕಾಗಿ. ಈ ಮೂರರ ಆಯ್ಕೆಯು ಮಾಲೀಕರ ಇಷ್ಟಕ್ಕೆ ಸಂಪೂರ್ಣವಾಗಿ ಬಿಟ್ಟ ವಿಷಯವಲ್ಲ. ಉದಾಹರಣೆಗೆ, ಭಾರತದಿಂದ ವಿಮಾನದಲ್ಲಿ ಬ್ರಿಟನ್‌ಗೆ ಹೋಗುವ ಸಾಕುಪ್ರಾಣಿಗಳು ಸರಕಿನ ರೂಪದಲ್ಲಿಯೇ ತಲುಪಬೇಕು. ದುಬೈಗೂ ಇದೇ ಪದ್ಧತಿಯಿದೆ. ಈ ವ್ಯತ್ಯಾಸವನ್ನು ಗ್ರಾಹಕರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸುವುದು ಸೂಕ್ತ. ಏಕೆಂದರೆ ಸರಕಿನ ದರ, ಪಂಜರದ ಸ್ವರೂಪ, ಕಸ್ಟಮ್ಸ್ ವಿಧಿವಿಧಾನ ಇವೆಲ್ಲವೂ ಇದನ್ನು ಅವಲಂಬಿಸಿವೆ.

ಮೂತಿ ಚಪ್ಪಟೆಯಾದ ಪಗ್, ಬುಲ್‌ಡಾಗ್ ಮುಂತಾದ ತಳಿಗಳಿಗೆ ಶಾಖದಲ್ಲಿ ಮತ್ತು ಆತಂಕದಲ್ಲಿ ಉಸಿರಾಟದ ತೊಂದರೆ ಬೇಗ ಉಂಟಾಗುತ್ತದೆ. ಆದಕಾರಣ ಅನೇಕ ವಿಮಾನ ಸಂಸ್ಥೆಗಳು ಇವುಗಳನ್ನು ಸ್ವೀಕರಿಸುವುದಿಲ್ಲ, ಅಥವಾ ಬೇಸಿಗೆಯ ತಿಂಗಳುಗಳಲ್ಲಿ ನಿರಾಕರಿಸುತ್ತವೆ. ತಳಿಯನ್ನು ವಿಚಾರಿಸದೆ ದರಪಟ್ಟಿ ಕೊಡುವುದು ಅವಿವೇಕ.

ಕ್ರಮಬದ್ಧವಾದ ಐದು ಹೆಜ್ಜೆಗಳು

ನಾಯಿ ಬೆಕ್ಕುಗಳ ಆಮದಿನಲ್ಲಿ ಎಲ್ಲ ದೇಶಗಳೂ ಭಯಪಡುವುದು ಮುಖ್ಯವಾಗಿ ರೇಬೀಸ್ ರೋಗಕ್ಕೆ. ಭಾರತವು ಈ ರೋಗದ ಅಪಾಯ ಹೆಚ್ಚಿರುವ ದೇಶಗಳ ಸಾಲಿನಲ್ಲಿರುವುದರಿಂದ ಇಲ್ಲಿಂದ ಹೊರಡುವ ಪ್ರಾಣಿಗಳಿಗೆ ನಿಯಮಗಳು ಬಿಗಿಯಾಗಿವೆ. ಯುರೋಪಿಯನ್ ಒಕ್ಕೂಟದ ನಿಯಮವನ್ನು ಮಾದರಿಯಾಗಿ ತೆಗೆದುಕೊಂಡರೆ ಕ್ರಮವು ಹೀಗಿದೆ:

1. ಮೈಕ್ರೋಚಿಪ್: ಪ್ರಾಣಿಯ ಚರ್ಮದಡಿ ಐಎಸ್‌ಒ 11784 ಮತ್ತು 11785 ಮಾನಕಗಳಿಗೆ ಹೊಂದುವ ಚಿಪ್ ಅಳವಡಿಸಬೇಕು. ಮುಂದಿನ ಎಲ್ಲ ದಾಖಲೆಗಳಲ್ಲಿಯೂ ಈ ಚಿಪ್ಪಿನ ಸಂಖ್ಯೆಯೇ ಪ್ರಾಣಿಯ ಗುರುತು.

2. ರೇಬೀಸ್ ಲಸಿಕೆ: ಚಿಪ್ ಅಳವಡಿಸಿದ ದಿನ ಅಥವಾ ಅನಂತರ, ಪ್ರಾಣಿಗೆ ಕನಿಷ್ಠ 12 ವಾರ ವಯಸ್ಸಾದ ಮೇಲೆ ಹಾಕಿಸಬೇಕು. ಚಿಪ್ಪಿಗೆ ಮೊದಲು ಹಾಕಿಸಿದ ಲಸಿಕೆಯು, ಅದು ಎಷ್ಟೇ ಉತ್ತಮವಾದುದಾಗಿದ್ದರೂ, ಈ ಉದ್ದೇಶಕ್ಕೆ ಲೆಕ್ಕಕ್ಕೆ ಬಾರದು. ಗುರುತಿಲ್ಲದ ಪ್ರಾಣಿಗೆ ಹಾಕಿದ ಲಸಿಕೆಯೆಂದೇ ಅದನ್ನು ಪರಿಗಣಿಸಲಾಗುತ್ತದೆ.

3. ರಕ್ತಪರೀಕ್ಷೆ: ಲಸಿಕೆಯ ದಿನದಿಂದ ಕನಿಷ್ಠ 30 ದಿನ ಕಳೆದ ನಂತರ ರಕ್ತದ ಮಾದರಿ ತೆಗೆಯಬೇಕು. ರೇಬೀಸ್ ಪ್ರತಿಕಾಯದ ಪ್ರಮಾಣವು ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇದನ್ನೇ ಟೈಟರ್ ಪರೀಕ್ಷೆ ಎನ್ನುತ್ತಾರೆ. ಪರೀಕ್ಷೆ ನಡೆಸುವ ಪ್ರಯೋಗಾಲಯವು ಆಮದು ದೇಶದ ಅಂಗೀಕೃತ ಪಟ್ಟಿಯಲ್ಲಿರಬೇಕು. ಪ್ರಯೋಗಾಲಯಕ್ಕೆ ಒಳ್ಳೆಯ ಹೆಸರಿದ್ದರೆ ಸಾಲದು, ಆ ಹೆಸರು ಪಟ್ಟಿಯಲ್ಲಿಯೂ ಇರಬೇಕು.

4. ಕಾಯುವ ಅವಧಿ: ರಕ್ತದ ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವರದಿ ಕೈಸೇರಿದ ದಿನದಿಂದ ಅಲ್ಲ ಎಂಬುದು ಗಮನಾರ್ಹ. ಈ ನಡುವೆ ಲಸಿಕೆಯ ಅವಧಿ ಮುಗಿಯುವಂತಿದ್ದರೆ, ಮುಗಿಯುವ ಮುನ್ನವೇ ಬೂಸ್ಟರ್ ಹಾಕಿಸಬೇಕು. ಒಂದು ದಿನ ತಡವಾದರೂ ಸರಪಳಿ ಕಡಿಯುತ್ತದೆ, ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗುತ್ತದೆ.

5. ಆರೋಗ್ಯ ಪ್ರಮಾಣಪತ್ರ: ಸರ್ಕಾರಿ ಅಧಿಕಾರಿ ನೀಡುವ ಈ ಪತ್ರವು ನೀಡಿದ ದಿನದಿಂದ ಆಮದು ದೇಶದ ತಪಾಸಣೆಯವರೆಗೆ 10 ದಿನಗಳು ಮಾತ್ರ ಊರ್ಜಿತದಲ್ಲಿರುತ್ತದೆ. ಭಾರತದಲ್ಲಿ ಕೇಂದ್ರ ಪಶುಸಂಗೋಪನಾ ಮತ್ತು ಹೈನುಗಾರಿಕೆ ಇಲಾಖೆಯ ಅಧೀನದಲ್ಲಿರುವ ಪ್ರಾಣಿ ಕ್ವಾರಂಟೈನ್ ಹಾಗೂ ಪ್ರಮಾಣೀಕರಣ ಸೇವಾ ಕೇಂದ್ರಗಳು ಈ ಕೆಲಸ ಮಾಡುತ್ತವೆ. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ಮತ್ತು ಬೆಂಗಳೂರಿನಲ್ಲಿ ಈ ಕೇಂದ್ರಗಳಿವೆ.

ಕೆಳಗಿನಿಂದ ಮೇಲಕ್ಕೆ ಕೂಡಿದರೆ, ಎಲ್ಲವೂ ಸರಿಯಾಗಿ ನಡೆದರೂ ಯುರೋಪಿಗೆ ಕನಿಷ್ಠ ನಾಲ್ಕು ತಿಂಗಳು ಬೇಕೆಂಬುದು ಸ್ಪಷ್ಟ. ವೀಸಾ ಬಂದ ಮೇಲೆ ವಿಚಾರಿಸಲು ಬರುವ ಗ್ರಾಹಕನ ಬಳಿ ಸಾಮಾನ್ಯವಾಗಿ ಅಷ್ಟು ಕಾಲಾವಕಾಶ ಇರುವುದಿಲ್ಲ. "ಹೇಗಾದರೂ ಮಾಡಿಸಿಕೊಡಿ" ಎಂಬ ಒತ್ತಡಕ್ಕೆ ಮಣಿದು ಒಪ್ಪಿಕೊಳ್ಳುವ ಏಜೆಂಟನು ತನ್ನ ಹಣವನ್ನೂ ಹೆಸರನ್ನೂ ಪಣಕ್ಕೆ ಒಡ್ಡಿದಂತೆ.

ದೇಶದಿಂದ ದೇಶಕ್ಕೆ ವ್ಯತ್ಯಾಸ

ಒಂದು ದೇಶಕ್ಕೆ ಸಿದ್ಧಪಡಿಸಿದ ಕಡತವು ಮತ್ತೊಂದಕ್ಕೆ ಒದಗುತ್ತದೆಂದು ಭಾವಿಸುವಂತಿಲ್ಲ. ಕೆಲವು ಮುಖ್ಯ ವ್ಯತ್ಯಾಸಗಳು ಹೀಗಿವೆ:

ಬ್ರಿಟನ್: 30 ದಿನಗಳ ಅಂತರ ಮತ್ತು ಮೂರು ತಿಂಗಳ ನಿರೀಕ್ಷೆ ಇಲ್ಲಿಯೂ ಇದೆ. ಇದರ ಜೊತೆಗೆ ನಾಯಿಗಳಿಗೆ ಪ್ರವೇಶಕ್ಕೆ 24 ಗಂಟೆಗಿಂತ ಕಡಿಮೆಯಲ್ಲದಂತೆ, 120 ಗಂಟೆಗಿಂತ ಹೆಚ್ಚಲ್ಲದಂತೆ ಮೊದಲು ಪಶುವೈದ್ಯರಿಂದ ಲಾಡಿಹುಳುವಿನ ಔಷಧಿ ಕೊಡಿಸಿ ದಾಖಲಿಸಬೇಕು. ವಿಮಾನವು ಎರಡು ದಿನ ತಡವಾದರೆ ಈ ಔಷಧಿಯನ್ನೂ ಮತ್ತೆ ಕೊಡಿಸಬೇಕಾದೀತು.

ಅಮೆರಿಕ: ನಾಯಿಗಳ ಆಮದು ನಿಯಮಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2024ರ ಆಗಸ್ಟ್ 1ರಿಂದ ಬದಲಾಯಿಸಿತು. ನಾಯಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು. ಭಾರತವು ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಇಲ್ಲಿ ಲಸಿಕೆ ಪಡೆದ ನಾಯಿಗೆ ಸರ್ಕಾರಿ ಪಶುವೈದ್ಯರು ದೃಢೀಕರಿಸಿದ ನಮೂನೆ ಬೇಕು, ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮುಂಗಡ ಕಾಯ್ದಿರಿಸುವಿಕೆ ಬೇಕು. ಅಂತಹ ಕೇಂದ್ರವಿರುವ ವಿಮಾನ ನಿಲ್ದಾಣದಲ್ಲಿಯೇ ಅದು ಇಳಿಯಬೇಕು. ಅಂಗೀಕೃತ ಟೈಟರ್ ವರದಿ ಇಲ್ಲದಿದ್ದರೆ 28 ದಿನಗಳ ಕ್ವಾರಂಟೈನ್ ಮಾಲೀಕರ ಖರ್ಚಿನಲ್ಲಿ ನಡೆಯುತ್ತದೆ.

ಜಪಾನ್: ಚಿಪ್ ಅಳವಡಿಸಿದ ಮೇಲೆ ಎರಡು ಬಾರಿ ರೇಬೀಸ್ ಲಸಿಕೆ, ರಕ್ತಪರೀಕ್ಷೆ, ಮಾದರಿ ತೆಗೆದ ದಿನದಿಂದ 180 ದಿನಗಳ ನಿರೀಕ್ಷೆ, ಆಗಮನಕ್ಕೆ 40 ದಿನ ಮೊದಲು ಸೂಚನಾಪತ್ರ ಇವೆಲ್ಲ ಕಡ್ಡಾಯ. ಕೊರತೆಯಿದ್ದಲ್ಲಿ ಪ್ರಾಣಿಯನ್ನು 180 ದಿನಗಳವರೆಗೆ ತಡೆಹಿಡಿಯಬಹುದು.

ಆಸ್ಟ್ರೇಲಿಯ: ಭಾರತವು ಅದರ ಅಂಗೀಕೃತ ದೇಶಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಇಲ್ಲಿಂದ ನೇರವಾಗಿ ನಾಯಿ ಬೆಕ್ಕುಗಳನ್ನು ಕಳುಹಿಸುವಂತೆಯೇ ಇಲ್ಲ. ಅಂಗೀಕೃತ ದೇಶವೊಂದರ ಮೂಲಕ, ಅಲ್ಲಿನ ವಿಧಿಗಳನ್ನು ಪೂರೈಸಿಕೊಂಡು ಹೋಗಬೇಕು. ಈ ಒಂದು ಸಂಗತಿ ತಿಳಿಯದೆ ಮುಂಗಡ ಪಡೆದವನು ಅದನ್ನು ಹಿಂದಿರುಗಿಸಬೇಕಾಗುತ್ತದೆ.

ಪಕ್ಷಿ, ಆಮೆ ಮುಂತಾದವುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ನಮ್ಮ ದೇಶದ ಗಿಳಿ, ನಕ್ಷತ್ರ ಆಮೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವನ್ನು ಮನೆಯಲ್ಲಿ ಸಾಕುವುದೇ ಅಪರಾಧವಾದುದರಿಂದ ಸಾಗಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಆಫ್ರಿಕಾದ ಬೂದು ಗಿಳಿಯಂತಹ ವಿದೇಶಿ ಜೀವಿಗಳಿಗೆ ಸೈಟಿಸ್ ಒಪ್ಪಂದದ ಪರವಾನಗಿಗಳು ಬೇಕು. ನಾಯಿ ಬೆಕ್ಕುಗಳ ಅನುಭವವನ್ನೇ ನೆಚ್ಚಿಕೊಂಡು ಇಂತಹ ಕೆಲಸ ಒಪ್ಪಿಕೊಳ್ಳಬಾರದು.

ಎರಡು ದಿನಗಳ ಆತುರದ ಬೆಲೆ: ಒಂದು ಉದಾಹರಣೆ

ಬೆಂಗಳೂರಿನ ಒಂದು ಕುಟುಂಬವು ಆಗಸ್ಟ್ 5ರಂದು ಜರ್ಮನಿಗೆ ಹೊರಡಲಿದೆ ಎಂದು ಇಟ್ಟುಕೊಳ್ಳೋಣ. ಅವರ ನಾಯಿಗೆ ಏಪ್ರಿಲ್ 1ರಂದು ಚಿಪ್ ಮತ್ತು ಅದೇ ದಿನ ಲಸಿಕೆ ಆಯಿತು. ರಕ್ತದ ಮಾದರಿಯನ್ನು ಮೇ 1ರಂದು ಅಥವಾ ಅನಂತರ ತೆಗೆಯಬೇಕಿತ್ತು. ಮಾಲೀಕರ ಅನುಕೂಲಕ್ಕೆಂದು ಏಪ್ರಿಲ್ 29ರಂದೇ, ಎಂದರೆ 28ನೆಯ ದಿನವೇ ತೆಗೆಯಲಾಯಿತು. ವರದಿಯಲ್ಲಿ ಪ್ರತಿಕಾಯದ ಪ್ರಮಾಣ ಅಗತ್ಯಕ್ಕಿಂತ ಬಹಳ ಹೆಚ್ಚಿತ್ತು. ಎಲ್ಲರೂ ಸಮಾಧಾನಗೊಂಡರು. ಜುಲೈ ಎರಡನೆಯ ವಾರದಲ್ಲಿ ಪ್ರಮಾಣಪತ್ರದ ಅರ್ಜಿ ಸಿದ್ಧಪಡಿಸುವಾಗ ದಿನಾಂಕದ ದೋಷ ಕಣ್ಣಿಗೆ ಬಿತ್ತು. ಜುಲೈ 10ರಂದು ಮತ್ತೆ ರಕ್ತ ತೆಗೆದರೆ ನಾಯಿ ಹೊರಡಬಹುದಾದ ದಿನ ಅಕ್ಟೋಬರ್ 10. ಎಂದರೆ 66 ದಿನಗಳ ವಿಳಂಬ.

ಇದರ ಪರಿಣಾಮವನ್ನು ಲೆಕ್ಕ ಹಾಕೋಣ. ವಸತಿಗೃಹದಲ್ಲಿ ದಿನಕ್ಕೆ 600 ರೂಪಾಯಿಯೆಂದು ಹಿಡಿದರೆ 66 ದಿನಗಳಿಗೆ 39,600 ರೂಪಾಯಿ. ಎರಡನೆಯ ಪರೀಕ್ಷೆಯ ಶುಲ್ಕ ಮತ್ತು ಬುಕಿಂಗ್ ರದ್ದತಿಯ ವೆಚ್ಚ ಬೇರೆ. ಆದರೆ ದೊಡ್ಡ ತೊಡಕು ಇನ್ನೊಂದಿದೆ. ಮಾಲೀಕರು ಪ್ರಾಣಿಯ ಜೊತೆಗೆ ಪ್ರಯಾಣ ಮಾಡಿದರೆ, ಅಥವಾ ಅವರು ಲಿಖಿತವಾಗಿ ಅಧಿಕಾರ ನೀಡಿದವರು ಕರೆದೊಯ್ಯುವಾಗ ಮಾಲೀಕರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ನಡುವಿನ ಅಂತರ ಐದು ದಿನಗಳೊಳಗಿದ್ದರೆ ಮಾತ್ರ ಯುರೋಪಿನ ನಿಯಮವು ಅದನ್ನು ವಾಣಿಜ್ಯೇತರ ಸಾಗಣೆ ಎಂದು ಪರಿಗಣಿಸುತ್ತದೆ. ಮಾಲೀಕರು ಆಗಸ್ಟ್‌ನಲ್ಲಿ ಹೋಗಿ ನಾಯಿಯು ಅಕ್ಟೋಬರಿನಲ್ಲಿ ಹೋದರೆ, ಮಾರಾಟದ ಉದ್ದೇಶವೇ ಇಲ್ಲದಿದ್ದರೂ, ವಾಣಿಜ್ಯ ಸಾಗಣೆಯ ಬೇರೆ ಮತ್ತು ಹೆಚ್ಚು ಬಿಗಿಯಾದ ನಿಯಮಗಳು ಅನ್ವಯಿಸುತ್ತವೆ. ಇದನ್ನು ತಪ್ಪಿಸಲು ಮಾಲೀಕರೇ ಹಿಂದಿರುಗಿ ಬಂದು ನಾಯಿಯನ್ನು ಕರೆದೊಯ್ಯಬೇಕಾದೀತು. ಹೋಗಿಬರುವ ವಿಮಾನ ದರವೂ, ಹೊಸ ಕೆಲಸದಲ್ಲಿ ರಜೆಯೂ ಈ ಲೆಕ್ಕಕ್ಕೆ ಸೇರುತ್ತವೆ. ಎರಡು ತಿಂಗಳು ಯಾರದೋ ಮನೆಯಲ್ಲಿ ಒಡೆಯನ ದಾರಿ ಕಾಯುವ ಪ್ರಾಣಿಯ ಸಂಕಟವನ್ನು ಯಾವ ಖಾತೆಗೂ ಬರೆಯಲಾಗದು.

ಪಂಜರದ ಅಳತೆ ಮತ್ತು ಬಾಡಿಗೆಯ ತೂಕ

ಸಣ್ಣ ಕೈಗಾರಿಕೆಗಳಿಗೆ ಸಂಬಂಧಿಸಿದ ಭಾಗವಿದು. ವಿಮಾನ ಸಂಸ್ಥೆಗಳು ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘ, ಎಂದರೆ ಐಎಟಿಎ, ಪ್ರತಿವರ್ಷ ಪರಿಷ್ಕರಿಸಿ ಪ್ರಕಟಿಸುವ ಜೀವಂತ ಪ್ರಾಣಿಗಳ ಸಾಗಣೆ ನಿಯಮಾವಳಿಯನ್ನು ಅನುಸರಿಸುತ್ತವೆ. ಪಂಜರದಲ್ಲಿ ಪ್ರಾಣಿಯು ಸಹಜವಾಗಿ ನಿಲ್ಲಲು, ತಿರುಗಲು, ಮಲಗಲು ಸ್ಥಳವಿರಬೇಕು ಎಂಬುದು ಅದರ ಮೂಲತತ್ತ್ವ. ಅಳತೆಯ ಸೂತ್ರವು ಸರಳವಾಗಿದೆ:

ಒಳ ಉದ್ದ = ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ + ನೆಲದಿಂದ ಮೊಣಕೈ ಕೀಲಿನವರೆಗಿನ ಎತ್ತರದ ಅರ್ಧ.
ಒಳ ಅಗಲ = ಭುಜದ ಅಗಲದ ಎರಡರಷ್ಟು.
ಒಳ ಎತ್ತರ = ನಿಂತ ಪ್ರಾಣಿಯ ತಲೆ ಅಥವಾ ಕಿವಿಯ ತುದಿಯವರೆಗಿನ ಎತ್ತರ. ಹಾಸಿಗೆಯ ದಪ್ಪವನ್ನು ಇದಕ್ಕೆ ಸೇರಿಸಬೇಕು.

ಚಪ್ಪಟೆ ಮೂತಿಯ ತಳಿಗಳಿಗೆ ಈ ಅಳತೆಗಳನ್ನು ಶೇಕಡಾ 10ರಷ್ಟು ಹೆಚ್ಚಿಸಬೇಕು.

ಉದ್ದ 80 ಸೆಂ.ಮೀ., ಮೊಣಕೈ ಎತ್ತರ 36, ಭುಜದ ಅಗಲ 24, ತಲೆಯ ಎತ್ತರ 70 ಸೆಂ.ಮೀ. ಇರುವ ನಾಯಿಗೆ ಒಳ ಅಳತೆ 98 × 48 × 70 ಆಗುತ್ತದೆ. ಹಲಗೆಯ ದಪ್ಪ, ತಳ, ಹಾಸಿಗೆ ಸೇರಿ ಹೊರ ಅಳತೆ 102 × 52 × 76 ಎಂದು ಹಿಡಿಯೋಣ. ವಿಮಾನ ಸರಕಿನಲ್ಲಿ 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂಬ ಲೆಕ್ಕದಲ್ಲಿ ಗಾತ್ರದ ತೂಕ ಸುಮಾರು 67.2 ಕಿಲೋ, ಅರ್ಧ ಕಿಲೋಗೆ ಏರಿಸಿದರೆ 67.5 ಕಿಲೋ. ನಾಯಿ 28 ಕಿಲೋ, ಪಂಜರ 18 ಕಿಲೋ ಸೇರಿ ನಿಜವಾದ ತೂಕ 46 ಕಿಲೋ ಮಾತ್ರ. ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಕೊಡಬೇಕಾದುದರಿಂದ ಇಲ್ಲಿ ತೆರಬೇಕಾದುದು 67.5 ಕಿಲೋಗೆ. ಪಂಜರವನ್ನು ಅಂದಾಜಿನಲ್ಲಿ ಪ್ರತಿ ಬದಿಗೂ 10 ಸೆಂ.ಮೀ. ಹೆಚ್ಚಾಗಿ ಮಾಡಿದರೆ ಅದೇ ತೂಕ 100 ಕಿಲೋ ಆಗುತ್ತದೆ. ಚಿಕ್ಕದಾಗಿ ಮಾಡಿದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪ್ರಾಣಿಯನ್ನು ನಿರಾಕರಿಸುತ್ತಾರೆ. ಸೂತ್ರದಂತೆ ಅಳೆದು ಮಾಡುವ ತಯಾರಕನಿಗೆ ಗ್ರಾಹಕನು ಕೊಡುವ ಬೆಲೆ, ಬಾಡಿಗೆಯ ಉಳಿತಾಯದಲ್ಲಿಯೇ ಅವನಿಗೆ ಹಿಂದಿರುಗುತ್ತದೆ.

ಮರದ ಆಯ್ಕೆಯೂ ಮುಖ್ಯ. ಗಟ್ಟಿ ಮರದ ಪಟ್ಟಿಗಳನ್ನು ಬಳಸಿದರೆ ಐಎಸ್‌ಪಿಎಂ 15 ಮಾನಕದಂತೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಸತತ 30 ನಿಮಿಷ ನೀಡಿ, ಮಾನ್ಯತೆ ಪಡೆದ ಘಟಕದ ಮುದ್ರೆ ಹಾಕಿಸಬೇಕು. ಪ್ಲೈವುಡ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಪ್ಲೈವುಡ್ ಪಂಜರಕ್ಕೆ ಕೆಳಗೆ ಮುದ್ರೆಯಿಲ್ಲದ ಎರಡು ಮರದ ಪಟ್ಟಿ ಹೊಡೆದರೂ ಇಡೀ ಸರಕು ಆಕ್ಷೇಪಣೆಗೆ ಗುರಿಯಾಗುತ್ತದೆ. ನಾಲ್ಕೂ ಬದಿಗೆ ಗಾಳಿಕಿಂಡಿ, ಹೊರಗಿನಿಂದ ನೀರು ತುಂಬಬಹುದಾದ ಬಟ್ಟಲು, ಕಚ್ಚಿದರೂ ಬಿಚ್ಚದ ಚಿಲಕ, ಜೀವಂತ ಪ್ರಾಣಿ ಎಂಬ ಹಸಿರು ಚೀಟಿ ಇವೂ ಇರಬೇಕು. ಪ್ರಾಣಿಗೆ ನಿದ್ರೆಯ ಔಷಧಿ ಕೊಟ್ಟು ಕಳುಹಿಸುವುದು ಸಲ್ಲದು. ಮಂಪರಿನಲ್ಲಿರುವ ಪ್ರಾಣಿಯು ಎತ್ತರದ ಹಾರಾಟದಲ್ಲಿ ಅಪಾಯಕ್ಕೆ ಒಳಗಾಗುತ್ತದೆ.

ತೆರಿಗೆ ಮತ್ತು ಹೊಣೆಗಾರಿಕೆ

ಭಾರತದಿಂದ ಹೊರದೇಶಕ್ಕೆ ವಿಮಾನದಲ್ಲಿ ಸರಕು ಸಾಗಿಸುವ ಸೇವೆಗೆ ಇದ್ದ ಜಿಎಸ್‌ಟಿ ವಿನಾಯಿತಿಯು 2022ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. ಸೇವೆ ನೀಡುವವರೂ ಪಡೆಯುವವರೂ ಭಾರತದಲ್ಲಿದ್ದಾಗ ಪೂರೈಕೆಯ ಸ್ಥಳವನ್ನು ಹೊರದೇಶವೆಂದು ಗಣಿಸುತ್ತಿದ್ದ ಉಪಬಂಧವನ್ನೂ 2023ರ ಅಕ್ಟೋಬರ್ 1ರಿಂದ ತೆಗೆದುಹಾಕಲಾಯಿತು. ಆದ್ದರಿಂದ ಜಿಎಸ್‌ಟಿ ನೋಂದಣಿಯಿಲ್ಲದ ಗ್ರಾಹಕನು ಬೆಂಗಳೂರಿನಲ್ಲಿ ನಾಯಿಯನ್ನು ಸಾಗಣೆಗೆ ಒಪ್ಪಿಸಿದರೆ ಪೂರೈಕೆಯ ಸ್ಥಳ ಕರ್ನಾಟಕವೇ ಆಗುತ್ತದೆ. ಇದನ್ನು ಸೇವಾ ರಫ್ತು ಎಂದು ಭಾವಿಸಿ ತೆರಿಗೆಯಿಲ್ಲದೆ ಬಿಲ್ಲು ನೀಡಿದ ಏಜೆಂಟನು ಮುಂದೆ ಬಡ್ಡಿಸಹಿತ ತನ್ನ ಕೈಯಿಂದಲೇ ಕಟ್ಟಬೇಕಾಗುತ್ತದೆ.

ಪಶುವೈದ್ಯ ಚಿಕಿತ್ಸಾಲಯದ ಆರೋಗ್ಯ ಸೇವೆಗೆ ವಿನಾಯಿತಿ ಇದೆ. ಪ್ರಯೋಗಾಲಯದ ಶುಲ್ಕ, ಸರ್ಕಾರಿ ಶುಲ್ಕ ಮುಂತಾದವುಗಳನ್ನು ಏಜೆಂಟನು ಗ್ರಾಹಕನ ಪರವಾಗಿ ಪಾವತಿಸಿದರೆ, ಸಿಜಿಎಸ್‌ಟಿ ನಿಯಮ 33ರ ಶುದ್ಧ ಏಜೆಂಟ್ ಷರತ್ತುಗಳನ್ನು ಪಾಲಿಸಿದಲ್ಲಿ ಅವನ್ನು ತನ್ನ ಸೇವಾಮೌಲ್ಯದಿಂದ ಹೊರಗಿಡಬಹುದು. ಇದಕ್ಕೆ ಗ್ರಾಹಕನ ಅಧಿಕಾರಪತ್ರ, ಬಿಲ್ಲಿನಲ್ಲಿ ಪ್ರತ್ಯೇಕ ನಮೂದು, ಕೊಟ್ಟಷ್ಟೇ ಮೊತ್ತದ ವಸೂಲಿ ಅವಶ್ಯಕ. ಎಲ್ಲವನ್ನೂ ಸೇರಿಸಿ ಒಂದೇ ಮೊತ್ತದ ಬಿಲ್ಲು ಮಾಡುವವರಿಗೆ ಈ ಅನುಕೂಲ ದೊರೆಯುವುದಿಲ್ಲ.

ಹೊಣೆಗಾರಿಕೆಯ ವಿಷಯದಲ್ಲಿ, ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದಡಿ ಸರಕಿನ ಹಾನಿಗೆ ವಿಮಾನ ಸಂಸ್ಥೆ ತೆರಬೇಕಾದ ಪರಿಹಾರಕ್ಕೆ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಒಪ್ಪಂದದ ಈ ಮಿತಿಯು ಕಿಲೋಗೆ 26 ಎಸ್‌ಡಿಆರ್. ಮೇಲಿನ ಉದಾಹರಣೆಯ 46 ಕಿಲೋಗೆ ಇದು 1,196 ಎಸ್‌ಡಿಆರ್ ಆಗುತ್ತದೆ. ಪ್ರಾಣಿಯ ಸ್ವಂತ ದೌರ್ಬಲ್ಯದಿಂದ ಉಂಟಾದ ಹಾನಿಗೆ ಸಂಸ್ಥೆಯು ಹೊಣೆಯಲ್ಲ. ಹೆಚ್ಚಿನ ಮೌಲ್ಯವನ್ನು ಮುಂಚಿತವಾಗಿ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟುವ ಅವಕಾಶವಿದೆ ಎಂಬುದನ್ನು ಗ್ರಾಹಕರಿಗೆ ಲಿಖಿತವಾಗಿ ತಿಳಿಸುವುದು ಏಜೆಂಟನ ಹಿತಕ್ಕೂ ಒಳ್ಳೆಯದು.

ದಿನಾಂಕ ಖಾತೆ

ಪ್ರತಿ ಪ್ರಾಣಿಗೂ ಒಂದು ಪುಟದ ದಿನಾಂಕ ಖಾತೆ ಇಡುವುದು ಮೇಲಿನ ಎಲ್ಲ ತೊಡಕುಗಳಿಗೆ ಸುಲಭವಾದ ಪರಿಹಾರ. ಅದನ್ನು ಹಾರಾಟದ ದಿನದಿಂದ ಹಿಂದಕ್ಕೆ ಬರೆಯಬೇಕು. ಮೊದಲ ಸಾಲಿನಲ್ಲಿ ಹಾರಾಟದ ದಿನ, ಅದರ ಹಿಂದೆ ಪ್ರಮಾಣಪತ್ರ, ಅದರ ಹಿಂದೆ ರಕ್ತದ ಮಾದರಿ, ಲಸಿಕೆ, ಚಿಪ್ ಹೀಗೆ. ಪ್ರತಿ ಸಾಲಿನ ಎದುರು ಮೂರು ಅಂಕಣಗಳು ಸಾಕು: ನಿಯಮದಂತೆ ಆಗಬೇಕಾದ ದಿನ, ನಿಜವಾಗಿ ಆದ ದಿನ, ದಾಖಲೆಯಲ್ಲಿ ನಮೂದಾದ ಚಿಪ್ ಸಂಖ್ಯೆ. ಮೊದಲೆರಡು ಅಂಕಣಗಳಲ್ಲಿ ಒಂದು ದಿನದ ಕೊರತೆ ಕಂಡರೂ, ಅಥವಾ ಚಿಪ್ ಸಂಖ್ಯೆಯ ಒಂದು ಅಂಕೆ ಅದಲುಬದಲಾದರೂ ಅಂದೇ ಕೆಲಸ ನಿಲ್ಲಿಸಿ ಸರಿಪಡಿಸಬೇಕು. ಲೆಕ್ಕಪತ್ರದಲ್ಲಿ ತಾಳೆ ನೋಡುವ ಅಭ್ಯಾಸವಿರುವ ವ್ಯಾಪಾರಿಗಳಿಗೆ ಇದು ಹೊಸ ವಿದ್ಯೆಯೇನಲ್ಲ.

ಈ ಪುಟಕ್ಕೆ ಗ್ರಾಹಕನ ಸಹಿ ಪಡೆದು, ಅದನ್ನು ಕರಾರಿನ ಭಾಗವಾಗಿಸಬೇಕು. ಯಾವ ದಿನದ ಕೆಲಸ ಯಾರ ಹೊಣೆ, ವಿಳಂಬವಾದರೆ ವಸತಿಯ ವೆಚ್ಚ ಯಾರದು, ವಿಮಾನ ರದ್ದಾದರೆ ಮರುಪರೀಕ್ಷೆಯ ಶುಲ್ಕ ಯಾರದು ಎಂಬುದನ್ನು ಮುಂಗಡ ಪಡೆಯುವ ಮೊದಲೇ ಬರೆಯಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಆಮದು ದೇಶದ ಅಧಿಕೃತ ಷರತ್ತುಗಳ ಪ್ರತಿಯನ್ನು ಕೆಲಸ ಒಪ್ಪಿಕೊಂಡ ದಿನ ಒಮ್ಮೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ದಿನ ಮತ್ತೊಮ್ಮೆ ತೆಗೆದು ಕಡತಕ್ಕೆ ಸೇರಿಸುವುದು ಕ್ಷೇಮ. ಕಾಲಾವಕಾಶ ಸಾಲದೆಂದು ಖಾತೆಯು ತೋರಿಸಿದರೆ, "ಈ ದಿನಕ್ಕೆ ಆಗುವುದಿಲ್ಲ" ಎಂದು ಮೊದಲ ದಿನವೇ ಹೇಳುವ ಏಜೆಂಟನು ಒಂದು ಕೆಲಸವನ್ನು ಕಳೆದುಕೊಳ್ಳಬಹುದು. ಆದರೆ ಆ ಕುಟುಂಬಕ್ಕೆ ತನ್ನ ಪ್ರಯಾಣವನ್ನು ಬೇರೆ ರೀತಿಯಲ್ಲಿ ಯೋಜಿಸಿಕೊಳ್ಳಲು ಕಾಲ ದೊರೆಯುತ್ತದೆ, ಪ್ರಾಣಿಯು ಅನ್ಯದೇಶದ ತಪಾಸಣಾ ಕೊಠಡಿಯಲ್ಲಿ ತಡೆಹಿಡಿಯಲ್ಪಡುವುದೂ ತಪ್ಪುತ್ತದೆ.